ಶಾ-1 ಸಹಿಯ ಹಳೇ ಟೆಸ್ಟ್ ಸರ್ಟಿಫಿಕೇಟ್‌ಗಳು: ದೋಷ ಹುಡುಕಿ ಬದಲಿಸುವ ಕೈಪಿಡಿ

ಹಾಸನದ ಕಾಲೇಜು ಲ್ಯಾಬಿನ ಉಬುಂಟು 18.04 ಯಂತ್ರದಲ್ಲಿ ಟಿಎಲ್‌ಎಸ್ (ನೆಟ್‌ವರ್ಕ್ ಸಂಪರ್ಕವನ್ನು ಗುಟ್ಟಾಗಿ, ಸುರಕ್ಷಿತವಾಗಿ ಇಡುವ ವಿಧಾನ) ಟೆಸ್ಟ್‌ಗಳೆಲ್ಲ ಪಾಸ್. ಅದೇ ಕೋಡ್ ಬೆಂಗಳೂರಿನಲ್ಲಿರುವ 22.04ರ ಬಿಲ್ಡ್ ಸರ್ವರಿಗೆ ಹೋದರೆ ಅರ್ಧಕ್ಕರ್ಧ ಫೇಲ್. ಕೋಡಿನಲ್ಲಿ ಒಂದು ಸಾಲೂ ಬದಲಾಗಿಲ್ಲ. ಲಾಗ್ ತೆರೆದರೆ ‘ಸಿಎ ಎಂಡಿ ಟೂ ವೀಕ್’ (ಸಹಿಯ ಹ್ಯಾಶ್ ದುರ್ಬಲ), ‘ಇಇ ಕೀ ಟೂ ಸ್ಮಾಲ್’ (ಸರ್ಟಿಫಿಕೇಟಿನ ಕೀ ಚಿಕ್ಕದು), ಇಲ್ಲವೇ ಬರೀ ‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಎಂದಿರುತ್ತದೆ. ಹೀಗಾದಾಗ ದೋಷ ಬಹುಮಟ್ಟಿಗೆ ಪ್ರೋಗ್ರಾಮಿನದ್ದಲ್ಲ. ಟೆಸ್ಟ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದೆ ಉಳಿದಿರುವ ಸರ್ಟಿಫಿಕೇಟಿನದ್ದು.

ಹಾಸನ, ಚಿಕ್ಕಮಗಳೂರು ಕಡೆಯ ಸಣ್ಣ ತಂಡಗಳು ಮತ್ತು ಕಾಲೇಜು ಪ್ರಾಜೆಕ್ಟ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಉದಾಹರಣೆಗೆ ಒಂದು ಸಾಫ್ಟ್‌ವೇರ್ ಇಟ್ಟುಕೊಳ್ಳೋಣ: ಕಾಫಿ ಕ್ಯೂರಿಂಗ್ ವರ್ಕ್ಸ್‌ನ ವೇಬ್ರಿಡ್ಜ್‌ನಿಂದ ಲೋಡಿನ ತೂಕವನ್ನು ಟಿಎಲ್‌ಎಸ್ ಮೂಲಕ ಸರ್ವರಿಗೆ ಕಳಿಸುವಂಥದ್ದು. ಅದರ ಟೆಸ್ಟ್‌ಗಳಿಗೆ ಒಂದು ರೂಟ್ (ಎಲ್ಲಕ್ಕೂ ಮೇಲಿನ, ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್), ಅದರ ಕೆಳಗೆ ಒಂದು ಇಂಟರ್ಮೀಡಿಯೆಟ್ (ರೂಟ್ ಸಹಿ ಹಾಕಿದ ನಡುವಿನದ್ದು), ಅದರ ಕೆಳಗೆ ‘ಮೂಡಿಗೆರೆ.ಟೆಸ್ಟ್’, ‘ಸಕಲೇಶಪುರ.ಟೆಸ್ಟ್’ ಎಂಬ ಹೆಸರಿನ ಸರ್ವರ್ ಸರ್ಟಿಫಿಕೇಟ್‌ಗಳು. ‘ಡಾಟ್ ಟೆಸ್ಟ್’ ಎಂಬ ಕೊನೆ ಪರೀಕ್ಷೆಗೆಂದೇ ಮೀಸಲಾದದ್ದು, ನಿಜವಾದ ಸೈಟಿಗೆ ಎಂದೂ ಸಿಗುವುದಿಲ್ಲ. ಆಜ್ಞೆ ಮತ್ತು ಆಯ್ಕೆಗಳ ಹೆಸರುಗಳನ್ನು ಇಲ್ಲಿ ಉಚ್ಚರಿಸುವಂತೆ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಳೇ ಸಹಿಯ ತೊಂದರೆ ಏನು

ಸರ್ಟಿಫಿಕೇಟಿನ ಒಳಗಿನ ಮಾಹಿತಿಯನ್ನೆಲ್ಲ ಹ್ಯಾಶ್ ಮಾಡಿ (ಅಂದರೆ ಅದರಿಂದ ನಿಗದಿತ ಉದ್ದದ ಚಿಕ್ಕ ಸಂಕೇತ ತೆಗೆದು; ಎಂಡಿ5, ಶಾ-1, ಶಾ-256 ಹಾಗೆ ತೆಗೆಯುವ ವಿಧಾನಗಳು), ಆ ಹ್ಯಾಶಿಗೆ ಸಿಎ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ತನ್ನ ಪ್ರೈವೇಟ್ ಕೀಯಿಂದ ಸಹಿ ಹಾಕುತ್ತದೆ. ಎರಡು ಬೇರೆ ಬೇರೆ ಮಾಹಿತಿಗೆ ಒಂದೇ ಹ್ಯಾಶ್ ಬರುವಂತೆ ಮಾಡಲು (ಇದಕ್ಕೇ ಡಿಕ್ಕಿ ಎನ್ನುವುದು) ಯಾರಿಗಾದರೂ ಸಾಧ್ಯವಾದರೆ, ಒಂದಕ್ಕೆ ಪಡೆದ ಸಹಿಯನ್ನು ಇನ್ನೊಂದಕ್ಕೆ ಅಂಟಿಸಬಹುದು. ಎಂಡಿ5 ವಿಷಯದಲ್ಲಿ ಇದು ಕಾಗದದ ಮೇಲಿನ ಭಯವಾಗಿ ಉಳಿಯಲಿಲ್ಲ. 2008ರ ಡಿಸೆಂಬರಿನಲ್ಲಿ ಸಂಶೋಧಕರು ಬ್ರೌಸರ್‌ಗಳು ನಂಬುವಂಥ ನಕಲಿ ಸಿಎ ಸರ್ಟಿಫಿಕೇಟನ್ನೇ ಮಾಡಿ ತೋರಿಸಿದರು. 2012ರಲ್ಲಿ ಪತ್ತೆಯಾದ ಫ್ಲೇಮ್ ಮಾಲ್‌ವೇರ್ ಇದೇ ದಾರಿಯಲ್ಲಿ ಮೈಕ್ರೋಸಾಫ್ಟ್ ಸಹಿಯಂತೆ ಕಾಣುವ ಸರ್ಟಿಫಿಕೇಟ್ ಹೊತ್ತುಕೊಂಡಿತ್ತು. ಶಾ-1ರ ಸರದಿ 2017ರ ಫೆಬ್ರವರಿಯಲ್ಲಿ ಬಂತು: ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಮತ್ತು ಗೂಗಲ್ ಸೇರಿ ಒಂದೇ ಶಾ-1 ಬರುವ ಎರಡು ಪಿಡಿಎಫ್ ಪ್ರಕಟಿಸಿದವು. 2020ರ ಜನವರಿಯಲ್ಲಿ ಲೂರಾಂ ಮತ್ತು ಪೇರಿನ್ ಇನ್ನೂ ಮುಂದೆ ಹೋಗಿ, ಎರಡೂ ಫೈಲುಗಳ ಆರಂಭದ ಭಾಗವನ್ನು ತಮಗೆ ಬೇಕಾದಂತೆ ಇಟ್ಟುಕೊಂಡೇ ಡಿಕ್ಕಿ ಹೊಡೆಸಿದರು. ಸರ್ಟಿಫಿಕೇಟ್ ನಕಲು ಮಾಡಲು ಬೇಕಾದದ್ದು ಇಂಥ ಡಿಕ್ಕಿಯೇ. ಸಾರ್ವಜನಿಕ ಸಿಎಗಳು 2016ರ ಜನವರಿ 1ರಿಂದಲೇ ಶಾ-1 ಸಹಿಯ ವೆಬ್ ಸರ್ಟಿಫಿಕೇಟ್ ಕೊಡುವುದನ್ನು ನಿಲ್ಲಿಸಬೇಕಾಗಿತ್ತು.

‘ಟೆಸ್ಟ್ ಸರ್ಟಿಫಿಕೇಟನ್ನು ಯಾರು ನಕಲು ಮಾಡುತ್ತಾರೆ?’ ಎಂಬ ಪ್ರಶ್ನೆ ಸಹಜ. ಯಾರೂ ಮಾಡುವುದಿಲ್ಲ. ಆದರೆ ಅದು ಟೆಸ್ಟ್ ಎಂಬುದು ಲೈಬ್ರರಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಗ್ರಾಹಕರ ಯಂತ್ರದಲ್ಲಿ ಯಾವ ಕಟ್ಟುನಿಟ್ಟಿನಲ್ಲಿ ಸಾಫ್ಟ್‌ವೇರ್ ಓಡುತ್ತದೋ ಅದೇ ಕಟ್ಟುನಿಟ್ಟಿನಲ್ಲಿ ಟೆಸ್ಟ್ ಕೂಡ ಓಡಬೇಕು. ಇಲ್ಲವಾದರೆ ಅದರ ಪಾಸ್‌ಗೆ ಬೆಲೆಯಿಲ್ಲ.

ಒಂದು ಕಡೆ ಪಾಸ್, ಇನ್ನೊಂದು ಕಡೆ ಫೇಲ್: ಕಾರಣ ಆವೃತ್ತಿಯಲ್ಲಿದೆ

ಟಿಎಲ್‌ಎಸ್ ಕೆಲಸ ಮಾಡುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ಗೆ 1.1.0ರಿಂದ ‘ಸೆಕ್ಯುರಿಟಿ ಲೆವೆಲ್’ ಬಂತು, 0ಯಿಂದ 5ರವರೆಗೆ. ಲೆವೆಲ್ 1 ಕನಿಷ್ಠ 80 ಬಿಟ್ ಬಲ ಕೇಳುತ್ತದೆ, ಲೆವೆಲ್ 2 ಕನಿಷ್ಠ 112. ಡಿಕ್ಕಿಯ ಲೆಕ್ಕದಲ್ಲಿ ಹ್ಯಾಶಿನ ಬಲ ಅದರ ಉದ್ದದ ಅರ್ಧ. ಎಂಡಿ5ರ ಉದ್ದ 128, ಬಲ 64. ಶಾ-1ರ ಉದ್ದ 160, ಬಲ 80. ಹಾಗಾಗಿ 1.1.1ರ ಲೆವೆಲ್ 1ರಲ್ಲಿ ಎಂಡಿ5 ಬೀಳುತ್ತದೆ, ಶಾ-1 ಗಡಿಯ ಮೇಲೆ ನಿಂತು ಪಾಸಾಗುತ್ತದೆ. ಉಬುಂಟು 18.04ರ ಸ್ಥಿತಿ ಇದು. ಡೆಬಿಯನ್ 10 ಮತ್ತು ಉಬುಂಟು 20.04 ಅದೇ 1.1.1 ಆವೃತ್ತಿಯನ್ನೇ ಲೆವೆಲ್ 2ಕ್ಕೆ ಏರಿಸಿ ಕೊಟ್ಟವು. ಅಲ್ಲಿ ಶಾ-1 ಸಹಿಯೂ, 2048 ಬಿಟ್‌ಗಿಂತ ಚಿಕ್ಕ ಆರ್‌ಎಸ್‌ಎ ಕೀಯೂ ಹೊರಗೆ. 2021ರಲ್ಲಿ ಬಂದ 3.0 ಶಾ-1ಕ್ಕೆ ಕೊಡುವ ಬಲದ ಅಂಕವನ್ನೇ ಇಳಿಸಿತು, ಆದ್ದರಿಂದ ಲೆವೆಲ್ 1ರಲ್ಲೂ ಅದು ನಡೆಯುವುದಿಲ್ಲ. 3.2ರಿಂದ ಮೂಲ ಓಪನ್‌ಎಸ್‌ಎಸ್‌ಎಲ್‌ನ ಡೀಫಾಲ್ಟ್ ಲೆವೆಲ್ಲೇ 2.

ರೆಡ್‌ಹ್ಯಾಟ್ ಎಂಟರ್‌ಪ್ರೈಸ್ 9 ಮತ್ತು ಅದೇ ಕುಟುಂಬದ ವಿತರಣೆಗಳು ಇನ್ನೊಂದು ಹೆಜ್ಜೆ ಮುಂದೆ. ಅಲ್ಲಿ ಶಾ-1 ಸಹಿಯನ್ನು ಪರಿಶೀಲಿಸುವುದಷ್ಟೇ ಅಲ್ಲ, ಹಾಕುವುದಕ್ಕೂ ಡೀಫಾಲ್ಟ್ ನೀತಿಯಲ್ಲಿ ಅವಕಾಶವಿಲ್ಲ. ಓಡುತ್ತಿರುವಾಗಲೇ ಶಾ-1 ಸರ್ಟಿಫಿಕೇಟ್ ಹುಟ್ಟಿಸುವ ಟೆಸ್ಟ್ ಅಲ್ಲಿ ‘ಇನ್‌ವ್ಯಾಲಿಡ್ ಡೈಜೆಸ್ಟ್’ ಎಂದು ನಿಲ್ಲುತ್ತದೆ, ಟಿಎಲ್‌ಎಸ್ ಹಂತಕ್ಕೆ ಹೋಗುವುದೇ ಇಲ್ಲ.

ಗೋ ಭಾಷೆಯಲ್ಲಿ ಬರೆದಿದ್ದರೆ 1.18ರಿಂದ (2022) ಶಾ-1 ಸಹಿಗೆ ‘ಇನ್‌ಸೆಕ್ಯೂರ್ ಅಲ್ಗಾರಿದಮ್ ಶಾ1-ಆರ್‌ಎಸ್‌ಎ’ ಎಂಬ ದೋಷ ಬರುತ್ತದೆ. ಪರಿಸರ ಚರವೊಂದರಿಂದ ಅದನ್ನು ಮರಳಿ ತೆರೆಯುವ ದಾರಿ ಕೆಲಕಾಲ ಇತ್ತು, 1.24ರಲ್ಲಿ ಅದನ್ನೂ ತೆಗೆದರು. ಜಾವಾದ ನಡವಳಿಕೆ ಬೇರೆ. ಎಂಡಿ5 ಇದ್ದರೆ ‘ಅಲ್ಗಾರಿದಮ್ ಕನ್‌ಸ್ಟ್ರೇಂಟ್ಸ್ ಚೆಕ್ ಫೇಲ್ಡ್’ ಎಂದು ತಿರಸ್ಕರಿಸುತ್ತದೆ. ಶಾ-1ರ ಡೀಫಾಲ್ಟ್ ನಿರ್ಬಂಧ ಮಾತ್ರ ಜೆಡಿಕೆ ಜೊತೆಗೇ ಬರುವ ಸಿಎಗಳ ಸರಪಳಿಗೆ ಅನ್ವಯಿಸುತ್ತದೆ, ನೀವೇ ಮಾಡಿದ ಟೆಸ್ಟ್ ಸಿಎಗೆ ಅಲ್ಲ. ಆದ್ದರಿಂದಲೇ ಜಾವಾ ಟೆಸ್ಟ್‌ಗಳು ಪಾಸಾಗುತ್ತಲೇ ಇದ್ದು, ಅದೇ ಫೈಲನ್ನು ಬಳಸುವ ಪೈಥಾನ್ ಟೆಸ್ಟ್ ಮಾತ್ರ ಬೀಳುವುದುಂಟು. ಒಂದೇ ಫೋಲ್ಡರನ್ನು ಎರಡು ಭಾಷೆಯ ಟೆಸ್ಟ್‌ಗಳು ಹಂಚಿಕೊಂಡಿದ್ದರೆ ಮೊದಲು ಇದನ್ನು ನೋಡಿ.

ತಪಾಸಣೆ

ಮೊದಲ ಕೆಲಸ, ದೋಷ ಯಾವ ಹಂತದಲ್ಲಿ ಬಂತೆಂದು ಗುರುತಿಸುವುದು. ‘ಸಿಎ ಎಂಡಿ ಟೂ ವೀಕ್’ ಅಥವಾ ‘ಇಇ ಕೀ ಟೂ ಸ್ಮಾಲ್’ ಎಂಬ ಮಾತು ಸರ್ವರ್ ತನ್ನದೇ ಸರ್ಟಿಫಿಕೇಟನ್ನು ಲೋಡ್ ಮಾಡುವಾಗ ಬರುತ್ತದೆ. ಆಗ ಸರ್ವರ್ ಏಳುವುದೇ ಇಲ್ಲ, ಕ್ಲೈಂಟಿಗೆ ‘ಕನೆಕ್ಷನ್ ರೆಫ್ಯೂಸ್ಡ್’ ಮಾತ್ರ ಕಾಣುತ್ತದೆ. ಕ್ಲೈಂಟ್ ಪರಿಶೀಲಿಸುವಾಗ ಬರುವುದು ‘ಸಿಎ ಸಿಗ್ನೇಚರ್ ಡೈಜೆಸ್ಟ್ ಅಲ್ಗಾರಿದಮ್ ಟೂ ವೀಕ್’, ಅದರ ಸಂಖ್ಯೆ 68. ಕೀ ಚಿಕ್ಕದಾದರೆ 66 ಅಥವಾ 67. ಕ್ಲೈಂಟಿನ ಲಾಗ್ ಒಂದನ್ನೇ ನೋಡುತ್ತಾ ಕೂತರೆ ಮೊದಲ ಬಗೆಯ ದೋಷ ನೆಟ್‌ವರ್ಕ್ ತೊಂದರೆಯಂತೆ ಕಾಣುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಲೈನ್ ಹೋಗಿ ಬಂದು ಮಾಡುತ್ತಿದ್ದರೆ ಆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಎರಡೂ ಕಡೆಯ ಲಾಗ್ ನೋಡದೆ ತೀರ್ಮಾನಕ್ಕೆ ಬರಬೇಡಿ.

ನಂತರ ಸರ್ಟಿಫಿಕೇಟನ್ನು ಬಿಚ್ಚಿ ನೋಡಿ. ಓಪನ್‌ಎಸ್‌ಎಸ್‌ಎಲ್‌ನ ‘ಎಕ್ಸ್509’ ಆಜ್ಞೆಗೆ ‘ಇನ್’ ಆಯ್ಕೆಯಲ್ಲಿ ಫೈಲಿನ ಹೆಸರು, ಜೊತೆಗೆ ‘ನೋಔಟ್’, ‘ಟೆಕ್ಸ್ಟ್’ ಕೊಟ್ಟರೆ ‘ಸಿಗ್ನೇಚರ್ ಅಲ್ಗಾರಿದಮ್’ ಎಂಬ ಸಾಲು ಎರಡು ಬಾರಿ ಕಾಣುತ್ತದೆ. ಎರಡೂ ಒಂದೇ ಇರಬೇಕು. ಇಲ್ಲೊಂದು ಬಲೆ ಇದೆ. ಒಂದೇ ಪೆಮ್ (ಸರ್ಟಿಫಿಕೇಟನ್ನು ಅಕ್ಷರರೂಪದಲ್ಲಿ ಇಡುವ) ಫೈಲಿನಲ್ಲಿ ಮೂರು ಸರ್ಟಿಫಿಕೇಟ್ ಇದ್ದರೂ ಈ ಆಜ್ಞೆ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಸರ್ವರ್ ಸರ್ಟಿಫಿಕೇಟ್ ಶಾ-256 ಎಂದು ನೋಡಿ ಸಮಾಧಾನಪಟ್ಟುಕೊಂಡರೆ, ಫೈಲಿನಲ್ಲಿ ಅದರ ನಂತರ ಬರುವ ಇಂಟರ್ಮೀಡಿಯೆಟ್ ಶಾ-1 ಆಗಿಯೇ ಉಳಿದಿರಬಹುದು. ಎಲ್ಲವನ್ನೂ ನೋಡಬೇಕಾದರೆ ‘ಸ್ಟೋರ್‌ಯುಟಿಎಲ್’ ಆಜ್ಞೆಯನ್ನು ‘ಸರ್ಟ್ಸ್’, ‘ನೋಔಟ್’, ‘ಟೆಕ್ಸ್ಟ್’ ಆಯ್ಕೆಗಳೊಂದಿಗೆ ಬಳಸಿ, 1.1.1ರಿಂದ ಇದು ಲಭ್ಯ. ಜೆಕೆಎಸ್ (ಜಾವಾ ಕೀಸ್ಟೋರ್) ಫೈಲುಗಳಿಗೆ ಕೀಟೂಲ್‌ನ ‘ಲಿಸ್ಟ್’ ಜೊತೆಗೆ ‘ವಿ’.

ಎರಡನೇ ಬಲೆ ಇನ್ನೂ ಕೆಟ್ಟದ್ದು. ‘ವೆರಿಫೈ’ ಆಜ್ಞೆಗೆ ಲೆವೆಲ್ ಹೇಳದಿದ್ದರೆ ಅದು ಯಾವ ಸಹಿಯನ್ನಾದರೂ ಒಪ್ಪುತ್ತದೆ. ಶಾ-1 ಸರಪಳಿಗೂ ‘ಓಕೆ’ ಎಂದೇ ಹೇಳುತ್ತದೆ. ಹಾಗಾಗಿ ‘ಆತ್_ಲೆವೆಲ್ 2’ ಎಂದು ಸ್ಪಷ್ಟವಾಗಿ ಕೊಡಿ, ರೂಟನ್ನು ‘ಸಿಎಫೈಲ್’ನಲ್ಲಿ, ಇಂಟರ್ಮೀಡಿಯೆಟನ್ನು ‘ಅನ್‌ಟ್ರಸ್ಟೆಡ್’ನಲ್ಲಿ ಕೊಡಿ. ಆಗ ಟೆಸ್ಟಿನಲ್ಲಿ ಕಂಡ ದೋಷವೇ ಇಲ್ಲೂ ಕಾಣುತ್ತದೆ.

ಫೈಲುಗಳನ್ನು ಹುಡುಕುವಾಗ ಪೆಮ್, ಸಿಆರ್‌ಟಿ, ಸಿಇಆರ್, ಡಿಇಆರ್, ಪಿ12, ಪಿಎಫ್‌ಎಕ್ಸ್, ಜೆಕೆಎಸ್ ಎಂಬ ಕೊನೆಗಳಷ್ಟೇ ಸಾಲದು. ಎಷ್ಟೋ ಸರ್ಟಿಫಿಕೇಟ್‌ಗಳು ಸೋರ್ಸ್ ಕೋಡಿನ ಒಳಗೇ ಅಕ್ಷರಮಾಲೆಯಾಗಿ ಕೂತಿರುತ್ತವೆ. ‘ಬಿಗಿನ್ ಸರ್ಟಿಫಿಕೇಟ್’ ಎಂದು ಹುಡುಕಿ. ತಲೆಸಾಲು ಇಲ್ಲದ ಬೇಸ್64 ಆದರೆ ಸಾಮಾನ್ಯವಾಗಿ ಎಂ, ಐ, ಐ ಎಂಬ ಮೂರು ದೊಡ್ಡಕ್ಷರಗಳಿಂದ ಶುರುವಾಗುತ್ತದೆ. ಸಿ ಭಾಷೆಯ ಬೈಟ್ ಅರೇ ಆಗಿದ್ದರೆ ಹೆಕ್ಸ್ 30, 82 ಎಂಬ ಜೋಡಿಯಿಂದ. ಒಳಗೆ ಸಹಿ ವಿಧಾನದ ಗುರುತು 1.2.840.113549.1.1 ಎಂದು ಶುರುವಾಗಿ ಕೊನೆಯ ಅಂಕೆಯಲ್ಲಿ ಬೇರೆಯಾಗುತ್ತದೆ: 4 ಇದ್ದರೆ ಎಂಡಿ5, 5 ಇದ್ದರೆ ಶಾ-1, 11 ಇದ್ದರೆ ಶಾ-256, 12 ಇದ್ದರೆ ಶಾ-384. ಇವೆಲ್ಲ ಆರ್‌ಎಸ್‌ಎ ಜೊತೆಗಿನವು. ಇಸಿಡಿಎಸ್‌ಎ ಶಾ-1ರ ಗುರುತು 1.2.840.10045.4.1.

ದೋಷವಲ್ಲದ್ದನ್ನು ಮುಟ್ಟಬೇಡಿ

‘ಶಾ1’ ಎಂದು ಗ್ರೆಪ್ ಮಾಡಿದರೆ ಬೇಕಾದ್ದಕ್ಕಿಂತ ಬೇಡದ್ದೇ ಹೆಚ್ಚು ಸಿಗುತ್ತದೆ. ವಿಂಡೋಸ್ ತೋರಿಸುವ ‘ಥಂಬ್‌ಪ್ರಿಂಟ್’ ಇಡೀ ಸರ್ಟಿಫಿಕೇಟಿನ ಶಾ-1. ಅದು ಸರ್ಟಿಫಿಕೇಟಿನ ಒಳಗೇ ಇಲ್ಲ, ನೋಡುವಾಗ ಲೆಕ್ಕ ಹಾಕಿದ್ದು. ‘ಸಬ್ಜೆಕ್ಟ್ ಕೀ ಐಡೆಂಟಿಫೈಯರ್’ ಸಾಮಾನ್ಯವಾಗಿ ಶಾ-1ರಿಂದ ಬಂದ 20 ಬೈಟ್, ಅದು ಬರೀ ಗುರುತು. ಓಸಿಎಸ್‌ಪಿ (ಸರ್ಟಿಫಿಕೇಟನ್ನು ಹಿಂತೆಗೆದಿದ್ದಾರೆಯೇ ಎಂದು ಕೇಳುವ) ಕೋರಿಕೆಯಲ್ಲಿ ಸಿಎ ಹೆಸರಿನ ಶಾ-1 ಇರುವುದೂ ಅಷ್ಟೇ. ಸೈಫರ್ ಹೆಸರಿನ ಕೊನೆಯ ‘ಶಾ’ ಡೇಟಾದ ಎಚ್‌ಮ್ಯಾಕ್‌ಗೆ (ಡೇಟಾ ದಾರಿಯಲ್ಲಿ ಬದಲಾಗಿಲ್ಲ ಎಂದು ನೋಡುವ ಗುರುತಿಗೆ) ಸಂಬಂಧಿಸಿದ್ದು, ಸರ್ಟಿಫಿಕೇಟಿನ ಸಹಿಗಲ್ಲ. ಇವನ್ನೂ ಒಂದೇ ಉಸಿರಿನಲ್ಲಿ ಬದಲಿಸಲು ಹೊರಟರೆ ಕೆಟ್ಟಿರದ ಟೆಸ್ಟ್‌ಗಳೂ ಕೆಡುತ್ತವೆ.

ಸ್ವಯಂ ಸಹಿಯ ರೂಟಿನ ಸಹಿಯನ್ನು ಓಪನ್‌ಎಸ್‌ಎಸ್‌ಎಲ್, ಗೋ, ಜಾವಾ ಮೂರೂ ಈ ನಿಯಮದಡಿ ತೂಗುವುದಿಲ್ಲ. ರೂಟನ್ನು ನಂಬುವುದು ಅದು ನಂಬಿಕೆಯ ಪಟ್ಟಿಯಲ್ಲಿ ಇರುವುದರಿಂದ, ಅದರ ಸಹಿಯಿಂದಲ್ಲ. ಒಂದೇ ಸ್ವಯಂ ಸಹಿಯ ಸರ್ಟಿಫಿಕೇಟ್ ಬಳಸುವ ಸಣ್ಣ ಪ್ರಾಜೆಕ್ಟ್‌ಗಳಲ್ಲಿ ಶಾ-1 ಇದ್ದರೂ ಟೆಸ್ಟ್ ಬೀಳದಿರುವುದಕ್ಕೆ ಇದೇ ಕಾರಣ. ಆದರೂ ರೂಟನ್ನೂ ಬದಲಿಸುವುದೇ ಒಳ್ಳೆಯದು. ಅದನ್ನು ಬಿಟ್ಟರೆ ಮುಂದೆ ಯಾರೋ ಅದರ ಹಳೇ ಕಾನ್ಫಿಗ್ ಫೈಲಿನಿಂದಲೇ ಮತ್ತೊಂದು ಶಾ-1 ಸರ್ಟಿಫಿಕೇಟ್ ತೆಗೆಯುತ್ತಾರೆ.

ಲೆವೆಲ್ ಇಳಿಸಬೇಡಿ

ಇಂಟರ್ನೆಟ್ಟಿನಲ್ಲಿ ಮೊದಲು ಸಿಗುವ ಪರಿಹಾರ ಸೈಫರ್ ಸಾಲಿಗೆ ‘ಸೆಕ್‌ಲೆವೆಲ್=0’ ಸೇರಿಸುವುದು, ಅಥವಾ ರೆಡ್‌ಹ್ಯಾಟ್ ಕುಟುಂಬದಲ್ಲಿ ಇಡೀ ಯಂತ್ರದ ನೀತಿಯನ್ನೇ ಸಡಿಲಿಸುವುದು. ಟೆಸ್ಟ್ ಆ ಕ್ಷಣವೇ ಹಸಿರಾಗುತ್ತದೆ. ಆದರೆ ಲೆವೆಲ್ 0 ಸರ್ಟಿಫಿಕೇಟಿನ ಸಹಿಯೊಂದನ್ನೇ ಬಿಡುವುದಿಲ್ಲ. ಚಿಕ್ಕ ಕೀ, ದುರ್ಬಲ ಡಿಫಿ-ಹೆಲ್‌ಮನ್, 3.0ಯಲ್ಲಿ ಟಿಎಲ್‌ಎಸ್ 1.0 ಮತ್ತು 1.1 ಎಲ್ಲಕ್ಕೂ ಬಾಗಿಲು ತೆರೆಯುತ್ತದೆ. ಆ ಸಾಲು ಟೆಸ್ಟ್ ಕಾನ್ಫಿಗ್‌ನಿಂದ ನಕಲಾಗಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನ ಯಂತ್ರಕ್ಕೂ ಹೋದರೆ ಹಿಡಿಯಲು ಯಾವ ಟೆಸ್ಟೂ ಉಳಿದಿರುವುದಿಲ್ಲ. ದೋಷ ಸರ್ಟಿಫಿಕೇಟಿನದ್ದೇ ಎಂದು ಖಚಿತಪಡಿಸಿಕೊಳ್ಳಲು ಒಮ್ಮೆ ಲೆವೆಲ್ ಇಳಿಸಿ ನೋಡಬಹುದು. ಹಾಗೆ ನೋಡಿದ ಸಾಲು ಕಮಿಟ್ ಆಗಬಾರದು.

ಹೊಸದಾಗಿ ಮಾಡುವುದು

ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವವರು ವಿದ್ಯಾರ್ಥಿಯಲ್ಲ, ವಿಶ್ವವಿದ್ಯಾಲಯದವರು, ಸರ್ಟಿಫಿಕೇಟಿನದ್ದೂ ಹಾಗೆಯೇ. ಸರ್ವರ್‌ನ ಅರ್ಜಿಯನ್ನು, ಅಂದರೆ ಸಿಎಸ್‌ಆರ್ ಅನ್ನು, ಶಾ-256ರಲ್ಲಿ ಮಾಡಿದರೆ ಸರ್ಟಿಫಿಕೇಟಿನ ಸಹಿ ಶಾ-256 ಆಗುವುದಿಲ್ಲ. ಅರ್ಜಿಯ ಸಹಿ ಅರ್ಜಿಗೇ ಮುಗಿಯಿತು. ಸಿಎ ಸಹಿ ಹಾಕುವ ಆಜ್ಞೆಯಲ್ಲೇ ‘ಶಾ256’ ಕೊಡಬೇಕು. ‘ಸಿಎ’ ಆಜ್ಞೆ ಬಳಸುವವರು ಕಾನ್ಫಿಗ್ ಫೈಲಿನ ‘ಡೀಫಾಲ್ಟ್_ಎಂಡಿ’ ಸಾಲನ್ನು ನೋಡಿ. ಹಳೇ ಪ್ರಾಜೆಕ್ಟ್‌ಗಳಲ್ಲಿ ಅಲ್ಲಿ ‘ಶಾ1’ ಎಂದೋ ‘ಎಂಡಿ5’ ಎಂದೋ ಬರೆದಿರುತ್ತದೆ, ಎಷ್ಟು ಸಲ ಹೊಸದಾಗಿ ತೆಗೆದರೂ ಹಳೆಯದೇ ಬರುವುದಕ್ಕೆ ಅದೇ ಕಾರಣ.

ಕೆಲಸದ ಕ್ರಮ ಮೇಲಿನಿಂದ ಕೆಳಕ್ಕೆ.

1. ರೂಟ್. ‘ರೆಕ್’ ಆಜ್ಞೆಗೆ ‘ಎಕ್ಸ್509’, ‘ನ್ಯೂಕೀ ಆರ್‌ಎಸ್‌ಎ:3072’, ‘ಶಾ256’, ‘ಡೇಸ್ 3650’. ವಿಸ್ತರಣೆಗಳಲ್ಲಿ ‘ಬೇಸಿಕ್ ಕನ್‌ಸ್ಟ್ರೇಂಟ್ಸ್’ ಕ್ರಿಟಿಕಲ್ ಆಗಿ ಸಿಎ ಟ್ರೂ, ‘ಕೀ ಯೂಸೇಜ್’ ಕ್ರಿಟಿಕಲ್ ಆಗಿ ಸರ್ಟ್ ಸೈನ್ ಮತ್ತು ಸಿಆರ್‌ಎಲ್ ಸೈನ್, ಜೊತೆಗೆ ಸಬ್ಜೆಕ್ಟ್ ಕೀ ಐಡೆಂಟಿಫೈಯರ್.

2. ಇಂಟರ್ಮೀಡಿಯೆಟ್. ಅರ್ಜಿ ಮಾಡಿ, ‘ಎಕ್ಸ್509 ರೆಕ್’ನಿಂದ ರೂಟಿನ ಕೀಯಲ್ಲಿ ‘ಶಾ256’ ಸಹಿ. ಮೇಲಿನ ವಿಸ್ತರಣೆಗಳಿಗೆ ಪಾತ್‌ಲೆನ್ 0 ಮತ್ತು ಅಥಾರಿಟಿ ಕೀ ಐಡೆಂಟಿಫೈಯರ್ ಸೇರಿಸಿ.

3. ಸರ್ವರ್. ‘ಸಬ್ಜೆಕ್ಟ್ ಆಲ್ಟ್ ನೇಮ್’ನಲ್ಲಿ ಡಿಎನ್‌ಎಸ್ ಹೆಸರು, ‘ಎಕ್ಸ್‌ಟೆಂಡೆಡ್ ಕೀ ಯೂಸೇಜ್’ನಲ್ಲಿ ಸರ್ವರ್ ಆತ್. ಆರ್‌ಎಸ್‌ಎ 2048 ಸಾಕು, ಇಲ್ಲವೇ ಪಿ-256.

4. ಸಿಆರ್‌ಎಲ್, ಅಂದರೆ ಹಿಂತೆಗೆದುಕೊಂಡ ಸರ್ಟಿಫಿಕೇಟ್‌ಗಳ ಪಟ್ಟಿ. ಇದಕ್ಕೂ ಸಹಿ ಇದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ‘ಸಿಎ’ ಆಜ್ಞೆಯ ‘ಜೆನ್‌ಸಿಆರ್‌ಎಲ್’ ಜೊತೆ ‘ಎಂಡಿ ಶಾ256’ ಕೊಟ್ಟು, ಮುಂದಿನ ನವೀಕರಣದ ದಿನಾಂಕವನ್ನು ದೂರ ಇಡಿ.

5. ಕೊನೆಗೆ ಕೀ ಮತ್ತು ಸರ್ಟಿಫಿಕೇಟನ್ನು ಒಟ್ಟಿಗೆ ಇಡುವ ಪಿ12, ಜೆಕೆಎಸ್ ಕಟ್ಟುಗಳನ್ನು ಮತ್ತೆ ಕಟ್ಟಿ.

ಈ ಐದನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಬರೆದು ಸರ್ಟಿಫಿಕೇಟ್‌ಗಳ ಪಕ್ಕದಲ್ಲೇ ಇಡಿ. ಕೈಯಿಂದ ಒಂದೊಂದಾಗಿ ಮಾಡಿದ ಸರಪಳಿಯನ್ನು ಮುಂದಿನ ವರ್ಷದ ಬ್ಯಾಚಿನವರು ಮತ್ತೆ ಮಾಡಲಾರರು.

3650 ದಿನ ಎಂದಾಗ ಒಂದು ಲೆಕ್ಕ ಹಾಕಿಕೊಳ್ಳಿ. ವೇಬ್ರಿಡ್ಜ್ ಪಕ್ಕದ ಹಳೇ 32 ಬಿಟ್ ಯಂತ್ರದಲ್ಲೂ ಟೆಸ್ಟ್ ಓಡಬೇಕಿದ್ದರೆ ಕೊನೆಯ ದಿನ 2038ರ ಜನವರಿ 19ನ್ನು ದಾಟಬಾರದು, ಅಲ್ಲಿಂದಾಚೆ ಆ ಯಂತ್ರಗಳ ಸಮಯದ ಎಣಿಕೆ ತುಂಬಿ ಹೋಗುತ್ತದೆ. ಐಫೋನ್ ಅಥವಾ ಮ್ಯಾಕ್‌ನಲ್ಲಿ ಪರೀಕ್ಷಿಸುವುದಾದರೆ ಸರ್ವರ್ ಸರ್ಟಿಫಿಕೇಟಿನ ಅವಧಿ 825 ದಿನಕ್ಕಿಂತ ಹೆಚ್ಚಿರಬಾರದು. ಸ್ವಂತ ಸಿಎ ಆದರೂ ಆಪಲ್ ಈ ನಿಯಮ ಬಿಡುವುದಿಲ್ಲ. ಕೊನೆಯ ದಿನ ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಬೀಳದಂತೆಯೂ ನೋಡಿಕೊಳ್ಳಿ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ವೇಬ್ರಿಡ್ಜ್ ಸಾಫ್ಟ್‌ವೇರಿಗೆ ಏನೇ ತಿದ್ದುಪಡಿ ಬಂದರೂ ಅದೇ ದಿನ ಬಿಲ್ಡ್ ಹೊರಡಬೇಕಾಗುತ್ತದೆ, ಆಗ ಟೆಸ್ಟ್ ಸರ್ಟಿಫಿಕೇಟ್ ಅವಧಿ ಮುಗಿದು ಬಿಲ್ಡ್ ನಿಂತರೆ ಕಷ್ಟ.

ಬದಲಿಸಿದ ಮೇಲೂ ಬೀಳುವ ಟೆಸ್ಟ್‌ಗಳು

ಹೆಸರು ಹೊಂದುತ್ತಿಲ್ಲ ಎಂದರೆ, ಅರ್ಜಿಯಲ್ಲಿದ್ದ ಸಬ್ಜೆಕ್ಟ್ ಆಲ್ಟ್ ನೇಮ್ ಸಹಿಯಾಗುವಾಗ ಬಿದ್ದುಹೋಗಿದೆ. ‘ಎಕ್ಸ್509 ರೆಕ್’ ಅರ್ಜಿಯ ವಿಸ್ತರಣೆಗಳನ್ನು ತಾನಾಗಿ ನಕಲಿಸುವುದಿಲ್ಲ. ‘ಎಕ್ಸ್ಟ್‌ಫೈಲ್’ನಲ್ಲಿ ಮತ್ತೆ ಕೊಡಿ, ಇಲ್ಲವೇ 3.0ರಿಂದ ಬಂದ ‘ಕಾಪಿ_ಎಕ್ಸ್‌ಟೆನ್ಷನ್ಸ್’ ಬಳಸಿ. ಹಳೇ ಸರ್ಟಿಫಿಕೇಟಿನಲ್ಲಿ ಕಾಮನ್ ನೇಮ್ ಮಾತ್ರ ಇದ್ದರೆ ಅದನ್ನೇ ಅನುಕರಿಸಬೇಡಿ, ಗೋ 1.15ರಿಂದ ಡೀಫಾಲ್ಟ್ ಆಗಿ ಅದನ್ನು ಹೆಸರೆಂದು ಪರಿಗಣಿಸುವುದಿಲ್ಲ.

ಹಳೇ ಇಂಟರ್ಮೀಡಿಯೆಟ್‌ನ ಹೆಸರು, ಕೀ ಉಳಿಸಿಕೊಂಡು ಸಹಿ ಮಾತ್ರ ಬದಲಿಸಿದ್ದೀರಿ, ಆದರೂ ‘ಇಶ್ಯುಯರ್ ಸೀರಿಯಲ್ ನಂಬರ್ ಮಿಸ್‌ಮ್ಯಾಚ್’ ಬರುತ್ತಿದೆ. ಕೆಳಗಿನ ಸರ್ಟಿಫಿಕೇಟಿನ ಅಥಾರಿಟಿ ಕೀ ಐಡೆಂಟಿಫೈಯರ್‌ನಲ್ಲಿ ಮೇಲಿನವರ ಹಳೇ ಸೀರಿಯಲ್ ನಂಬರ್ ಬರೆದಿದೆ ಎಂದರ್ಥ. ಕಾನ್ಫಿಗ್‌ನಲ್ಲಿ ‘ಇಶ್ಯುಯರ್:ಆಲ್ವೇಸ್’ ತೆಗೆದು ಬರೀ ‘ಕೀಐಡಿ’ ಇಡಿ, ಕೆಳಗಿನದನ್ನು ಮತ್ತೆ ಮಾಡಿ. ಇದಕ್ಕೆ ಹೆದರಿ ಹಳೇ ಸೀರಿಯಲ್ ನಂಬರನ್ನೇ ಹೊಸದಕ್ಕೂ ಕೊಟ್ಟರೆ ಫೈರ್‌ಫಾಕ್ಸ್ ಒಪ್ಪುವುದಿಲ್ಲ: ಒಂದೇ ಸಿಎ, ಒಂದೇ ಸೀರಿಯಲ್, ಬೇರೆ ಸರ್ಟಿಫಿಕೇಟ್ ಎಂದರೆ ಅದಕ್ಕೆ ದೋಷವೇ. ಹಳೇ ಇಂಟರ್ಮೀಡಿಯೆಟ್ ಬಂಡಲ್ ಫೈಲಿನಲ್ಲಿ ಉಳಿದುಬಿಟ್ಟಿದ್ದರೆ ಲೈಬ್ರರಿ ಅದನ್ನೇ ಆರಿಸಿಕೊಂಡು ಮತ್ತೆ 68 ತೋರಿಸಬಹುದು. ಹಳೆಯದನ್ನು ನಿಜಕ್ಕೂ ಅಳಿಸಿ.

ಕೋಡಿನಲ್ಲಿ ಬರೆದಿಟ್ಟ ಫಿಂಗರ್‌ಪ್ರಿಂಟ್‌ಗಳೆಲ್ಲ ಬದಲಾಗುತ್ತವೆ. ಕೀಯನ್ನು ಮಾತ್ರ ಪಿನ್ ಮಾಡಿದ್ದರೆ (ಈ ಕೀ ಇದ್ದರೆ ಮಾತ್ರ ಒಪ್ಪು ಎಂದು ಬರೆದಿಟ್ಟಿದ್ದರೆ), ಕೀ 2048 ಅಥವಾ ಹೆಚ್ಚಿದ್ದು ಅದನ್ನೇ ಉಳಿಸಿಕೊಂಡಿದ್ದರೆ, ಆ ಪಿನ್ ಹಾಗೆಯೇ ನಡೆಯುತ್ತದೆ. 1024ರಿಂದ 2048ಕ್ಕೆ ಹೋದಾಗ ಸಹಿಯ ಉದ್ದ 128 ಬೈಟ್‌ನಿಂದ 256ಕ್ಕೆ ಏರುತ್ತದೆ, ಹ್ಯಾಂಡ್‌ಶೇಕ್ ಗಾತ್ರವನ್ನೋ ಡಿಟಿಎಲ್‌ಎಸ್ ಪ್ಯಾಕೆಟ್ಟುಗಳ ಎಣಿಕೆಯನ್ನೋ ಅಂಕೆಯಲ್ಲಿ ಬರೆದ ಟೆಸ್ಟ್‌ಗಳು ಅಲ್ಲಿ ಬೀಳುತ್ತವೆ.

ಪೈಥಾನ್ 3.13ರಲ್ಲಿ ಮಾತ್ರ ‘ಮಿಸ್ಸಿಂಗ್ ಅಥಾರಿಟಿ ಕೀ ಐಡೆಂಟಿಫೈಯರ್’ ಬಂದರೆ, ಆ ಆವೃತ್ತಿಯ ಡೀಫಾಲ್ಟ್ ಕಾಂಟೆಕ್ಸ್ಟ್ ಕಟ್ಟುನಿಟ್ಟಿನ ಪರಿಶೀಲನೆಯನ್ನು ತಾನೇ ಹಾಕಿಕೊಳ್ಳುತ್ತದೆ. ಮೇಲೆ ಹೇಳಿದ ವಿಸ್ತರಣೆಗಳನ್ನು ಬಿಡದೆ ಹಾಕಿದ್ದರೆ ಈ ತೊಂದರೆ ಬರುವುದಿಲ್ಲ. ‘ವೆರಿಫೈ’ ಆಜ್ಞೆಗೆ ‘ಎಕ್ಸ್509_ಸ್ಟ್ರಿಕ್ಟ್’ ಕೊಟ್ಟು ಮೊದಲೇ ನೋಡಬಹುದು.

ಪಿ12 ಫೈಲುಗಳದ್ದು ಎರಡೂ ದಿಕ್ಕಿನ ತೊಂದರೆ. ಹಳೆಯವು ಆರ್‌ಸಿ2 40 ಬಿಟ್‌ನಲ್ಲಿ ಮುಚ್ಚಿದ್ದರೆ ಓಪನ್‌ಎಸ್‌ಎಸ್‌ಎಲ್ 3ರಲ್ಲಿ ತೆರೆಯುವುದಿಲ್ಲ, ‘ಲೆಗಸಿ’ ಆಯ್ಕೆ ಕೊಟ್ಟು ಒಮ್ಮೆ ಬಿಚ್ಚಿ ಹೊಸದಾಗಿ ಕಟ್ಟಬೇಕು. 3ರಲ್ಲಿ ಕಟ್ಟಿದ ಹೊಸದನ್ನು ಜಾವಾ 8ರ 301ನೇ ಅಪ್‌ಡೇಟಿಗಿಂತ ಹಿಂದಿನವು ಓದಲಾರವು. ಅಂಥ ಯಂತ್ರ ಇನ್ನೂ ಬಳಕೆಯಲ್ಲಿದ್ದರೆ ಜಾವಾ ಅಪ್‌ಡೇಟ್ ಮಾಡುವುದೇ ಒಳ್ಳೆಯ ದಾರಿ.

ಫೇಲ್ ಆಗಲೇಬೇಕಾದ ಟೆಸ್ಟ್‌ಗಳು

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಕೆಂಪಾದ ಟೆಸ್ಟ್ ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪು ಕಾರಣಕ್ಕೆ ಹಸಿರಾದ ಟೆಸ್ಟ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಭದ್ರತೆಯ ಟೆಸ್ಟ್‌ಗಳಲ್ಲಿ ದೊಡ್ಡ ಪಾಲು ‘ಇದು ತಿರಸ್ಕೃತವಾಗಬೇಕು’ ಎನ್ನುವಂಥವು: ಅವಧಿ ಮುಗಿದ ಸರ್ಟಿಫಿಕೇಟ್, ಬೇರೆ ಹೆಸರಿನದ್ದು, ಹಿಂತೆಗೆದುಕೊಂಡದ್ದು, ನಂಬಿಕೆಯ ಪಟ್ಟಿಯಲ್ಲಿಲ್ಲದ ಸಿಎಯದ್ದು. ಇವುಗಳ ಸರ್ಟಿಫಿಕೇಟೂ ಶಾ-1 ಸಹಿಯದ್ದಾಗಿದ್ದರೆ? ಓಪನ್‌ಎಸ್‌ಎಸ್‌ಎಲ್ ಸರಪಳಿ ಕಟ್ಟಿದ ಮೇಲೆ ಸಹಿಯ ಬಲವನ್ನು ಮೊದಲು ನೋಡುತ್ತದೆ, ಆಮೇಲೆ ಹೆಸರು, ಆಮೇಲೆ ಹಿಂತೆಗೆತ, ದಿನಾಂಕ. ಅಂದರೆ ‘ಅವಧಿ ಮುಗಿದದ್ದು’ ಎಂಬ ಟೆಸ್ಟ್ ದಿನಾಂಕದ ಪರಿಶೀಲನೆಯನ್ನು ಮುಟ್ಟುವ ಮೊದಲೇ ಸಹಿ ದುರ್ಬಲ ಎಂದು ತಿರಸ್ಕೃತವಾಗುತ್ತದೆ. ಟೆಸ್ಟ್ ‘ಸಂಪರ್ಕ ವಿಫಲವಾಯಿತೇ?’ ಎಂದಷ್ಟೇ ಕೇಳಿದರೆ ಉತ್ತರ ಹೌದು, ಬಣ್ಣ ಹಸಿರು. ನಿಮ್ಮ ಪ್ರೋಗ್ರಾಮಿನಲ್ಲಿ ಯಾರೋ ದಿನಾಂಕ ನೋಡುವ ಕೋಡನ್ನೇ ತೆಗೆದುಹಾಕಿದರೂ ಆ ಟೆಸ್ಟ್ ಹಸಿರಾಗೇ ಇರುತ್ತದೆ. ಸರ್ವರ್ ಏಳದೆ ‘ಕನೆಕ್ಷನ್ ರೆಫ್ಯೂಸ್ಡ್’ ಆದಾಗಲೂ ಹೀಗೆಯೇ. ಲೈಬ್ರರಿ ಅಪ್‌ಡೇಟ್ ಆದ ದಿನದಿಂದ ಇಂಥ ಟೆಸ್ಟ್‌ಗಳು ಏನನ್ನೂ ಪರೀಕ್ಷಿಸುತ್ತಿಲ್ಲ, ಮತ್ತು ಅದನ್ನು ಹೇಳುವ ಯಾವ ಲಾಗೂ ಬರುವುದಿಲ್ಲ.

ಆದ್ದರಿಂದ ಬಿದ್ದ ಟೆಸ್ಟ್‌ಗಳ ಸರ್ಟಿಫಿಕೇಟ್ ಮಾತ್ರ ಬದಲಿಸಿ ನಿಲ್ಲಿಸಬೇಡಿ. ಪಾಸಾಗುತ್ತಿರುವ ತಿರಸ್ಕಾರದ ಟೆಸ್ಟ್‌ಗಳನ್ನು ಒಂದೊಂದಾಗಿ ತೆರೆದು ಎರಡು ಬದಲಾವಣೆ ಮಾಡಿ. ಮೊದಲನೆಯದು, ‘ವಿಫಲವಾಯಿತು’ ಎಂಬುದರ ಬದಲು ಕಾರಣದ ಸಂಖ್ಯೆಯನ್ನು ನೋಡುವಂತೆ ಬರೆಯಿರಿ: ಅವಧಿ ಮುಗಿದದ್ದಕ್ಕೆ 10, ಇನ್ನೂ ಶುರುವಾಗದ್ದಕ್ಕೆ 9, ಹಿಂತೆಗೆದದ್ದಕ್ಕೆ 23, ಹೆಸರು ಹೊಂದದ್ದಕ್ಕೆ 62, ಸಿಎ ಸಿಗದ್ದಕ್ಕೆ 20. ಪೈಥಾನ್‌ನಲ್ಲಿ ಸರ್ಟಿಫಿಕೇಟ್ ಪರಿಶೀಲನೆಯ ಎಕ್ಸೆಪ್ಷನ್‌ಗೆ ‘ವೆರಿಫೈ_ಕೋಡ್’ ಎಂಬ ಗುಣ 3.7ರಿಂದ ಇದೆ. ಎರಡನೆಯದು, ಪ್ರತಿ ತಿರಸ್ಕಾರದ ಟೆಸ್ಟಿಗೂ ಒಂದು ಜೋಡಿ ಇಡಿ: ಎಲ್ಲವೂ ಅದರಂತೆಯೇ, ಆ ಒಂದು ದೋಷ ಮಾತ್ರ ಇಲ್ಲ, ಅದು ಪಾಸಾಗಬೇಕು. ಅವಧಿ ಮುಗಿದ ಮೂಡಿಗೆರೆ ಸರ್ಟಿಫಿಕೇಟ್ ಬೀಳಬೇಕು, ಅದೇ ಸಿಎ, ಅದೇ ಹೆಸರು, ಅದೇ ಕೀ ಗಾತ್ರದ ಚಾಲ್ತಿಯ ಸರ್ಟಿಫಿಕೇಟ್ ಪಾಸಾಗಬೇಕು. ಮುಂದೆ ಶಾ-256ಕ್ಕೋ 2048ಕ್ಕೋ ಇದೇ ಗತಿ ಬಂದರೆ ಈ ಜೋಡಿಯ ಪಾಸಾಗಬೇಕಾದ ಅರ್ಧ ಕೆಂಪಾಗಿ ಹೇಳುತ್ತದೆ.

ಉದ್ದೇಶಪೂರ್ವಕವಾಗಿ ದುರ್ಬಲ ಸಹಿ ಇಟ್ಟ ಟೆಸ್ಟೂ ಇರಬೇಕು, ನಿಮ್ಮ ಸಾಫ್ಟ್‌ವೇರ್ ಶಾ-1 ಸರಪಳಿಯನ್ನು ತಿರಸ್ಕರಿಸುತ್ತದೆಯೇ ಎಂದು ನೋಡಲು. ಎಲ್ಲವನ್ನೂ ಬದಲಿಸುವ ಭರದಲ್ಲಿ ಇದನ್ನೂ ಶಾ-256 ಮಾಡಿಬಿಟ್ಟರೆ ಆ ಟೆಸ್ಟ್ ಸತ್ತಂತೆ. ಅವನ್ನು ‘ವೀಕ್’ ಎಂಬ ಬೇರೆ ಫೋಲ್ಡರಿನಲ್ಲಿಡಿ. ಶಾ-1 ಸಹಿ ಹಾಕಲು ಬಿಡುವ ಯಂತ್ರದಲ್ಲಿ ಒಮ್ಮೆ ಮಾಡಿ ಫೈಲಾಗಿ ಕಮಿಟ್ ಮಾಡಿ, ಓಡುವಾಗ ಹುಟ್ಟಿಸಲು ಹೋಗಬೇಡಿ. ಕೀ 2048 ಇರಲಿ, ಹೆಸರು ಸರಿಯಿರಲಿ, ಅವಧಿ ಉದ್ದವಿರಲಿ. ಸಹಿಯ ಹೊರತು ಬೇರೆ ದೋಷ ಇರಬಾರದು, ನಿರೀಕ್ಷಿತ ಸಂಖ್ಯೆ 68. ಸ್ವಯಂ ಸಹಿಯದ್ದನ್ನು ಇಲ್ಲಿ ಬಳಸಿದರೆ ಟೆಸ್ಟಿಗೆ ಅರ್ಥವಿಲ್ಲ, ಕಾರಣ ಮೇಲೆ ಹೇಳಿದೆ.

ಗಡಿಯಾರ

ಹೊಸ ಸರ್ಟಿಫಿಕೇಟ್ ಬಂದ ಮೇಲೆ ಮಾತ್ರ ಕಾಣುವ ದೋಷ ಸಂಖ್ಯೆ 9, ‘ಇನ್ನೂ ಚಾಲ್ತಿಗೆ ಬಂದಿಲ್ಲ’. ಹಳೆಯದರ ಆರಂಭದ ದಿನ ಎಷ್ಟೋ ವರ್ಷ ಹಿಂದಿನದಾದ್ದರಿಂದ ಯಂತ್ರದ ಗಡಿಯಾರ ತಪ್ಪಿದ್ದರೂ ನಡೆಯುತ್ತಿತ್ತು. ರಜೆಯಲ್ಲಿ ತಿಂಗಳುಗಟ್ಟಲೆ ಆಫ್ ಆಗಿದ್ದ ಲ್ಯಾಬ್ ಕಂಪ್ಯೂಟರಿನಲ್ಲಿ ಸಿಮಾಸ್ ಬ್ಯಾಟರಿ ಸತ್ತಿದ್ದರೆ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಹೆಚ್ಚಿನವಕ್ಕೆ ಸಿಆರ್2032 ಎಂಬ 3 ವೋಲ್ಟಿನ ಬಟನ್ ಸೆಲ್ ಬೇಕು. ಅದನ್ನು ಹಾಕಿ, ಎನ್‌ಟಿಪಿ ಆನ್ ಮಾಡಿ.

ಇನ್ನೊಂದು ನಮ್ಮ ದೇಶದ ಸಮಯಕ್ಕೇ ಅಂಟಿಕೊಂಡಿದೆ. ಸರ್ಟಿಫಿಕೇಟಿನ ಸಮಯ ಯುಟಿಸಿಯಲ್ಲಿ ಇರುತ್ತದೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿಗೆ ವಲಯವಿಲ್ಲದ ಸ್ಥಳೀಯ ಸಮಯ ಕೊಟ್ಟರೆ ಅದನ್ನು ಯುಟಿಸಿ ಎಂದೇ ತಿಳಿಯುತ್ತದೆ. ಬೆಳಿಗ್ಗೆ 10ಕ್ಕೆ ಮಾಡಿದ ಸರ್ಟಿಫಿಕೇಟ್ ಮಧ್ಯಾಹ್ನ 3.30ರವರೆಗೆ ಎಲ್ಲೂ ನಡೆಯುವುದಿಲ್ಲ, ಆಮೇಲೆ ತಾನಾಗಿ ಸರಿಹೋಗುತ್ತದೆ. ಓಡುವಾಗಲೇ ಸರ್ಟಿಫಿಕೇಟ್ ಹುಟ್ಟಿಸುವ ಟೆಸ್ಟಾದರೆ ಚಿಕ್ಕಮಗಳೂರಿನ ಲ್ಯಾಪ್‌ಟಾಪಿನಲ್ಲಿ ಸದಾ ಫೇಲ್, ಯುಟಿಸಿಯಲ್ಲಿ ಓಡುವ ಬಿಲ್ಡ್ ಸರ್ವರಿನಲ್ಲಿ ಸದಾ ಪಾಸ್. ಯುಟಿಸಿ ಸಮಯವನ್ನೇ ಕೊಡಿ, ಆರಂಭವನ್ನು ಒಂದು ದಿನ ಹಿಂದಕ್ಕೆ ಇಡಿ.

ಕಾವಲಿಗೊಂದು ಟೆಸ್ಟ್

ಎಲ್ಲ ಮುಗಿದ ಮೇಲೆ ಒಂದು ಸಣ್ಣ ಟೆಸ್ಟ್ ಸೇರಿಸಿ. ಅದು ಸರ್ಟಿಫಿಕೇಟ್ ಫೋಲ್ಡರನ್ನು ಪೂರ್ತಿ ಸುತ್ತಬೇಕು. ‘ವೀಕ್’ ಫೋಲ್ಡರ್ ಬಿಟ್ಟು ಬೇರೆಲ್ಲಾದರೂ ಎಂಡಿ5 ಅಥವಾ ಶಾ-1 ಸಹಿ ಸಿಕ್ಕರೆ, ಆರ್‌ಎಸ್‌ಎ ಕೀ 2048ಕ್ಕಿಂತ ಚಿಕ್ಕದಿದ್ದರೆ, ಚಾಲ್ತಿಯಲ್ಲಿರಬೇಕಾದ ಸರ್ಟಿಫಿಕೇಟಿನ ಅವಧಿ 90 ದಿನದೊಳಗೆ ಮುಗಿಯುವುದಿದ್ದರೆ ಫೈಲಿನ ಹೆಸರು ಹೇಳಿ ಬೀಳಬೇಕು. ‘ವೀಕ್’ ಫೋಲ್ಡರಿನೊಳಗೆ ಇದರ ತಿರುಗುಮುರುಗು: ಅಲ್ಲಿ ದುರ್ಬಲವಲ್ಲದ ಸಹಿ ಕಂಡರೆ ಬೀಳಬೇಕು. ಪೆಮ್ ಬಂಡಲ್‌ನ ಪ್ರತಿಯೊಂದನ್ನೂ, ಪಿ12 ಮತ್ತು ಜೆಕೆಎಸ್‌ಗಳನ್ನು ಪಾಸ್‌ವರ್ಡ್ ಕೊಟ್ಟು ಬಿಚ್ಚಿ, ಸಿಆರ್‌ಎಲ್‌ಗಳನ್ನೂ ಸೇರಿಸಿ ನೋಡಬೇಕು. ಬಿಚ್ಚಲಾಗದ ಫೈಲ್ ಸಿಕ್ಕರೆ ಅದನ್ನು ದಾಟಿ ಮುಂದೆ ಹೋಗದೆ ಅಲ್ಲೇ ಫೇಲ್ ಆಗಲಿ.